ನೆಗ್ಗಿದ ಡಿಸ್ಕ್

"ಎರಡು ಸಲ ಕೇಳ್ತು! ನೋಡಿದ್ಯೇನೇ? ಒಂದಲ್ಲ, ಎರಡು ಸಲ!"

ಬೂದಿ ಮೇಡಂ ಊಟದ ಮೇಜಿಗೆ ಬಡಿದ ರಭಸಕ್ಕೆ ಸ್ಕ್ರೂಗಳಿದ್ದ ಬಟ್ಟಲು ಒಂದು ಗೇಣು ಜರುಗಿತು. ಮೇಜಿನ ಮೇಲೆ ಅವರ ಮನೆಯ ಕಂಪ್ಯೂಟರ್ ಪಕ್ಕೆಯ ತಗಡು ಕಳಚಿಕೊಂಡು ಅಡ್ಡ ಮಲಗಿತ್ತು. ಅದರ ಹೊಟ್ಟೆಯೊಳಗೆ ಹೊಚ್ಚಹೊಸ ಹಾರ್ಡ್ ಡಿಸ್ಕುಗಳೆರಡು ಒಂದರ ಮೇಲೊಂದು ಕೂತಿದ್ದವು. ಬೆಳಿಗ್ಗೆ ತಿಂಡಿ ಮುಗಿದದ್ದೇ ತಡ, ಮೇಡಂ ಅವೆರಡನ್ನೂ ಜೋಡಿಸಲು ಕೂತಿದ್ದರು.

ಪರದೆಯ ಮೇಲೆ ಕೆಂಪು ಅಕ್ಷರದ ಪ್ರಶ್ನೆಯೊಂದು ಇನ್ನೂ ಕಣ್ಣು ಬಿಟ್ಟುಕೊಂಡು ನಿಂತಿತ್ತು. ನೀವು ಸ್ಟ್ರೈಪ್ ಆರಿಸಿದ್ದೀರಿ, ಒಂದು ಡಿಸ್ಕ್ ಕೆಟ್ಟರೆ ಎರಡರಲ್ಲಿರುವುದೂ ಹೋಗುತ್ತದೆ, ಮುಂದುವರಿಯಲೇ? ಹೌದು ಎಂದು ಒತ್ತಿದ ಮೇಲೆ ಅದೇ ಮಾತು ಇನ್ನೊಂದು ಸಲ, ಈ ಬಾರಿ ಇನ್ನೂ ದಪ್ಪ ಅಕ್ಷರದಲ್ಲಿ.

"ಕೈತಪ್ಪಿ ಒತ್ತಿಬಿಟ್ಟೆ ಅಂದ್ನಲ್ಲ ಆ ಕಂಪ್ಯೂಟರ್ ಅಂಗಡಿ ರೀಸ್ಟಾರ್ಟು! ಕೈತಪ್ಪಿ ಬೀಳೋದು ಲೋಟ. ಕೈತಪ್ಪಿ ಚೆಲ್ಲೋದು ಹಾಲು. ಇಷ್ಟು ಬೊಬ್ಬೆ ಹೊಡೆದು ಕೇಳಿದ್ಮೇಲೂ ಹೌದು ಹೌದು ಅಂತ ಎರಡು ಸಲ ಒತ್ತೋಕೆ ಕೈಯಲ್ಲ, ಮನಸ್ಸು ತಪ್ಪಿರ್ಬೇಕು!"

ಎದುರು ಕುರ್ಚಿಯಲ್ಲಿದ್ದ ನಾದಿನಿ ದಿನಪತ್ರಿಕೆಯ ಮೂಲೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದಳು. ಪತ್ರಿಕೆಯಲ್ಲಿ ಅವಳದೇ ಫೋಟೋ ಇತ್ತು. ಮೇಲೆ ದೊಡ್ಡದಾಗಿ ಅಚ್ಚಾಗಿತ್ತು: ಸೇತುವೆ ಬಿರಿಯುತ್ತಿದ್ದಾಗ ನಿದ್ದೆ ಹೊಡೆದ ಇಂಜಿನಿಯರ್.

ಸೇತುವೆ ಕುಸಿದು ಎರಡು ತಿಂಗಳಾಗಿತ್ತು. ತುಂಬಿದ ಬಸ್ಸೊಂದು ನೀರಿಗೆ ಬಿದ್ದಿತ್ತು. ಆ ಸೇತುವೆಯ ತಪಾಸಣೆ ನಾದಿನಿಯ ಕೆಲಸ. ಪ್ರತಿ ತಿಂಗಳೂ ಕಂಬದ ಬಿರುಕಿನ ಪಕ್ಕ ಉಕ್ಕಿನ ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿದ್ದೇನೆ, ಬಿರುಕು ಬೆಳೆಯುತ್ತಿದೆ ಎಂದು ಮೇಲಿನ ಸಾಹೇಬರಿಗೆ ಹೇಳುತ್ತಲೇ ಬಂದಿದ್ದೇನೆ ಎನ್ನುವುದು ಅವಳ ಮಾತು. ಹಾಗಾದರೆ ಫೋಟೋ ತೋರಿಸಲಿ ಎನ್ನುವುದು ಸಾಹೇಬರ ಮಾತು. ಕಚೇರಿಯ ಕಂಪ್ಯೂಟರಿನಲ್ಲಿಟ್ಟದ್ದು ಮಾಯವಾಗುತ್ತದೆಂಬ ಭಯಕ್ಕೆ ಅವಳು ಎಲ್ಲವನ್ನೂ ತನ್ನ ಮನೆಯ ಕಂಪ್ಯೂಟರಿನಲ್ಲಿ ಜೋಡಿ ಡಿಸ್ಕ್ ಹಾಕಿಸಿ ಇಟ್ಟಿದ್ದಳು. ಈಗ ಆ ಜೋಡಿಯೇ ಬಾಯಿ ಬಿಡುತ್ತಿಲ್ಲ. ನಾಳೆ ಬೆಳಿಗ್ಗೆ ವಿಚಾರಣಾ ಸಮಿತಿಯ ಮುಂದೆ ಬರಿಗೈಯಲ್ಲಿ ನಿಲ್ಲಬೇಕು.

"ಸಾಹೇಬ್ರು ನಿನ್ನೆ ಟೀವಿಲೂ ಬಂದಿದ್ರು ಅತ್ತಿಗೆ," ಎಂದಳು ನಾದಿನಿ. "ಪಾಪದ ಹೆಣ್ಣುಮಗಳು, ಕೆಲಸದ ಒತ್ತಡ, ಮರೆತಿರಬಹುದು ಅಂದ್ರು."

"ಪಾಪದ ಹೆಣ್ಣುಮಗಳಂತೆ!" ಮೇಡಂ ಮೂಗಿನ ಹೊಳ್ಳೆ ಅರಳಿತು. "ತಲೆ ಮೇಲೆ ಗೂಬೆ ಕೂರಿಸೋದೂ ಅವರೇ, ಅದಕ್ಕೆ ಕನಿಕರದ ಟೋಪಿ ಹೊಲಿಯೋದೂ ಅವರೇ. ಬೈದಿದ್ರೆ ಇಷ್ಟು ಮೈ ಉರೀತಿರ್ಲಿಲ್ಲ ನಂಗೆ."

ಅಡುಗೆಮನೆಯಿಂದ ಮೂರು ಲೋಟ ಚಹಾ ಹಿಡಿದು ಯಜಮಾನರು ಬಂದರು. ಮೇಡಂ ಅವರ ಪತಿ, ನಾದಿನಿಗೆ ಒಡಹುಟ್ಟಿದ ಅಣ್ಣ. ಬೀದಿ ಕೊನೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಇಡೀ ದಿನ ಗಿರಾಕಿಗಳಿಗೆ ಸಣ್ಣ ಅಕ್ಷರ ಓದಿಸಿ ಓದಿಸಿ ಅವರ ದನಿಯೂ ಸಣ್ಣದಾಗಿತ್ತು.

"ಮನೆ ಮೇಲೆ ರೇಡ್ ಆಗೋದು ಕೇಳಿದ್ದೆ," ಎಂದರು, ಲೋಟಗಳಿಗೆ ಜಾಗ ಹುಡುಕುತ್ತ. "ನಾವೇ ಕೂತ್ಕೊಂಡು ಮನೆಯೊಳಗೆ ರೇಡ್ ಮಾಡ್ಕೊಳ್ಳೋದು ಇದೇ ಮೊದಲು."

"ಇದು ಆ ರೇಡ್ ಅಲ್ಲ ರೀ. ಡಿಸ್ಕುಗಳನ್ನ ಜೋಡಿಸೋದಕ್ಕೂ ರೇಡ್ ಅಂತಾರೆ."

"ಗೊತ್ತು ಮಾರಾಯ್ತಿ. ನಗ್ಲಿ ಅಂತ ಅಂದೆ."

ಯಾರೂ ನಗಲಿಲ್ಲ. ಯಜಮಾನರು ಲೋಟಗಳನ್ನಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

ಮೇಡಂಗೆ ಬೂದಿ ಎಂಬ ಅಡ್ಡಹೆಸರು ಬಂದದ್ದು ವಿಮಾ ಕಂಪನಿಯಲ್ಲಿದ್ದಾಗ. ಸುಟ್ಟ ಅಂಗಡಿ, ಸುಟ್ಟ ಗೋದಾಮಿನ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ಪರಿಹಾರದ ಆಸೆಗೆ ತಮ್ಮ ಅಂಗಡಿಗೆ ತಾವೇ ಕಡ್ಡಿ ಗೀರಿದ ಎಷ್ಟೋ ಜನರನ್ನು ಮಸಿ ಕೈಯಲ್ಲೇ ಹಿಡಿದಿದ್ದರು. ಅವರ ನಿಯಮ ಒಂದೇ. ಯಾರೋ ಹೀಗಾಯಿತು ಎಂದರೆ ನಂಬಬೇಡ, ಅದನ್ನೇ ಇನ್ನೊಮ್ಮೆ ಮಾಡಿ ನೋಡು. ಸೋಫಾ ಸಿಗರೇಟಿನಿಂದ ಹತ್ತಿಕೊಂಡಿತು ಎಂದವನ ಎದುರೇ ಅದೇ ಬಗೆಯ ಸೋಫಾ ತಂದು ಸಿಗರೇಟು ಇಟ್ಟು ತೋರಿಸಿದ ಹೆಂಗಸು ಅವರು.

ಇವತ್ತಿನದೂ ಅದೇ ಲೆಕ್ಕ. ಕಂಪ್ಯೂಟರ್ ಅಂಗಡಿಯವನು ನಿನ್ನೆ ಹೇಳಿದ್ದೇನು? ಎರಡು ವರ್ಷದ ಹಿಂದೆ ನಿಮ್ಮ ನಾದಿನಿಯವರ ಡಿಸ್ಕ್ ಜೋಡಿಸುವಾಗ ಮಿರರ್ ಅನ್ನೋದರ ಬದಲು ಕೈತಪ್ಪಿ ಸ್ಟ್ರೈಪ್ ಒತ್ತಿದ್ದೆ. ಈಗ ಒಂದು ಡಿಸ್ಕ್ ಸತ್ತಿದೆ. ಹಾಗಾಗಿ ಎಲ್ಲ ಹೋಯಿತು, ಕ್ಷಮಿಸಿ.

"ಇನ್ನೊಂದು ಸಲ ಬಿಡಿಸಿ ಹೇಳು," ಎಂದರು ಮೇಡಂ. "ಮಿರರ್ ಅಂದ್ರೆ?"

"ಕನ್ನಡಿ ಇದ್ದ ಹಾಗೆ ಅತ್ತಿಗೆ. ಒಂದು ಡಿಸ್ಕಿಗೆ ಏನು ಹೋಗತ್ತೋ ಇನ್ನೊಂದಕ್ಕೂ ಅದೇ ಹೋಗತ್ತೆ. ಒಂದು ಸತ್ರೂ ಇನ್ನೊಂದರಲ್ಲಿ ಪೂರ್ತಿ ಇರತ್ತೆ. ಸ್ಟ್ರೈಪ್ ಅಂದ್ರೆ ಒಂದೊಂದು ಫೋಟೋನೂ ಚೂರು ಚೂರು ಮಾಡಿ ಇದಕ್ಕೆ ಅರ್ಧ, ಅದಕ್ಕೆ ಅರ್ಧ. ಜಾಗ ಜಾಸ್ತಿ, ವೇಗ ಜಾಸ್ತಿ. ಆದ್ರೆ ಒಂದು ಹೋದ್ರೆ ಇನ್ನೊಂದರಲ್ಲಿರೋ ಚೂರು ಯಾವ ಕೆಲಸಕ್ಕೂ ಬರಲ್ಲ."

"ಜಾಗ ಜಾಸ್ತಿ." ಮೇಡಂ ಪರದೆಗೆ ಬೆರಳು ನೆಟ್ಟರು. ಅಲ್ಲಿ ಎರಡು ಡಿಸ್ಕಿನ ಜಾಗ ಒಟ್ಟಾಗಿ ಕಾಣುತ್ತಿತ್ತು. "ನಿನ್ನ ಕಂಪ್ಯೂಟರಲ್ಲೂ ಹಿಂಗೇ ಎರಡರಷ್ಟು ತೋರಿಸ್ತಿತ್ತಾ?"

ನಾದಿನಿ ತಲೆಯೆತ್ತಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖಕ್ಕೆ ಕಳೆ ಬಂತು.

"ಇಲ್ಲ! ಒಂದರಷ್ಟೇ. ಎರಡು ಡಿಸ್ಕ್ ತಂದು ಒಂದರ ಜಾಗವಂತೆ, ಒಳ್ಳೆ ವ್ಯಾಪಾರ ಮಾಡಿದ್ಯಮ್ಮ ಅಂತ ಅಣ್ಣ ನನ್ನ ಗೋಳು ಹೊಯ್ಕೊಂಡಿದ್ದ. ಅಲ್ವಾ ಅಣ್ಣ?"

ಯಜಮಾನರು ಕಿಟಕಿಯಾಚೆ ನೋಡುತ್ತಲೇ ಹೇಳಿದರು, "ಅಂದಿರ್ಬಹುದು. ನೆನಪಿಲ್ಲ."

"ನಿಮಗೆ ಹೋದ ವಾರ ತಂದ ಸೋಪೂ ನೆನಪಿರಲ್ಲ ಬಿಡಿ," ಎಂದು ಮೇಡಂ ಅವರನ್ನು ಅಲ್ಲಿಗೇ ಬಿಟ್ಟರು. ತಲೆ ಆಗಲೇ ಮುಂದೆ ಓಡುತ್ತಿತ್ತು. ಒಂದರಷ್ಟೇ ಜಾಗ ಇತ್ತೆಂದರೆ ಮಿರರ್ ಇತ್ತು. ಮಿರರ್ ಇತ್ತೆಂದರೆ ಅಂಗಡಿಯವನು ಎರಡು ವರ್ಷದ ಹಿಂದೆ ಮಾಡಿದ ಕೆಲಸ ಸರಿಯಾಗಿಯೇ ಇತ್ತು. ಮಾಡದ ತಪ್ಪನ್ನು ಮಾಡಿದೆ ಎಂದು ಒಪ್ಪಿಕೊಳ್ಳುವವನನ್ನು ಅವರು ತಮ್ಮ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಮುಂದಿನ ಪರೀಕ್ಷೆ. ಜೋಡಿಸಿದ ಸ್ಟ್ರೈಪಿಗೆ ಮನೆಯ ಒಂದಷ್ಟು ಫೋಟೋ ತುಂಬಿದರು. ಯಂತ್ರ ಆರಿಸಿ ಒಂದು ಡಿಸ್ಕಿನ ವೈರು ಕಿತ್ತರು. ಮತ್ತೆ ಹಾಕಿದಾಗ, ಹೇಳಿದಂತೆಯೇ, ಒಂದು ಫೋಟೋವೂ ತೆರೆಯಲಿಲ್ಲ. ಉಳಿದ ಡಿಸ್ಕಿನೊಳಗೆ ಇಣುಕಿ ನೋಡುವ ಚಿಕ್ಕ ಪ್ರೋಗ್ರಾಮೊಂದನ್ನು ನಾದಿನಿ ತೆರೆದಳು. ಪರದೆಯ ತುಂಬ ಅಂಕಿ, ಅಕ್ಷರ, ಗೀಟು, ಚುಕ್ಕಿ, ಯಾರೋ ಹರಿದೆಸೆದ ಕಾಗದದ ಚೂರುಗಳಂತೆ.

"ಇದು ಚೂರು," ಎಂದರು ಮೇಡಂ. "ಕೆಲಸಕ್ಕೆ ಬಾರದಿದ್ರೂ ಚೂರು ಇದೆ. ಈಗ ನಿನ್ನ ಕಂಪ್ಯೂಟರಿಂದ ಬಿಚ್ಚಿ ತಂದಿರೋ ಎರಡರಲ್ಲಿ ಬದುಕಿರೋ ಡಿಸ್ಕ್ ಹಾಕು."

ಹಾಕಿದರು. ಜೋಡಣೆಯ ನಾಲ್ಕು ಗುರುತು ಬಿಟ್ಟರೆ ಸೊನ್ನೆ. ಕೆಳಗೆ ಸರಿಸಿದರೆ ಸೊನ್ನೆ. ನಡುವಿಗೆ ಹಾರಿದರೆ ಸೊನ್ನೆ. ಕೊನೆಗೆ ಹೋದರೂ ಸೊನ್ನೆ. ಪರದೆ ತುಂಬ ಸೊನ್ನೆಗಳು ಅಕ್ಕಿ ಹರಡಿದಂತೆ ಬಿದ್ದಿದ್ದವು.

"ಪಕ್ಕದ ಮನೆಯವನು ಸತ್ರೆ ನಮ್ಮ ಮನೆ ಪಾತ್ರೆ ತಾನಾಗೇ ತೊಳೆದುಹೋಗತ್ತೇನೇ?" ಎಂದರು ಮೇಡಂ. ದನಿ ತಗ್ಗಿತ್ತು. ಅವರ ಸಿಟ್ಟು ನಿಜವಾಗಿ ಏರಿದಾಗ ದನಿ ಇಳಿಯುತ್ತಿತ್ತು. "ಇದನ್ನ ಯಾರೋ ಕೂತು, ತಾಳ್ಮೆಯಿಂದ, ಮೂಲೆ ಮೂಲೆ ಉಜ್ಜಿ ತೊಳೆದಿದಾರೆ."

ಸತ್ತ ಡಿಸ್ಕನ್ನು ಕೈಗೆ ತೆಗೆದುಕೊಂಡರು. ಅಲ್ಲಾಡಿಸಿದಾಗ ಒಳಗೆ ಏನೋ ಕಿಣಿಕಿಣಿ ಎಂದಿತು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಮೂಲೆಯೊಂದು ನೆಗ್ಗಿತ್ತು.

"ರೀ, ಆ ನಿಮ್ಮ ಭೂತಗನ್ನಡಿ ಕೊಡಿ."

ಯಜಮಾನರು ಅಂಗಿ ಜೇಬಿನಿಂದ ಚಿಕ್ಕ ಭೂತಗನ್ನಡಿ ತೆಗೆದು ಕೊಟ್ಟರು. ಕೊಡುವಾಗ, "ಇಷ್ಟು ಸಾಕಲ್ವಾ? ಉಳಿದದ್ದು ವಕೀಲರಿಗೆ ಬಿಟ್ಟುಬಿಡು," ಎಂದರು.

"ವಕೀಲರು ನೆಗ್ಗು ನೋಡ್ತಾರಾ? ಇಲ್ಲಿ ನೋಡಿ. ಕಂಪ್ಯೂಟರ್ ಒಳಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸಿರೋ ಡಿಸ್ಕ್ ಇದು. ಕೂತಲ್ಲೇ ಕೂತಿರೋದಕ್ಕೆ ಮೂಲೆ ಹೇಗೆ ನೆಗ್ಗತ್ತೆ? ಇದು ಬಿದ್ದಿದೆ. ಬಿದ್ದಿಲ್ಲ, ಬೀಳಿಸಿದಾರೆ. ಬೀಳಿಸಿ, ಸತ್ತಿದ್ದು ಖಾತ್ರಿ ಮಾಡ್ಕೊಂಡು, ಆಮೇಲೆ ಒಳಗೆ ಬಿಗಿದಿದಾರೆ."

ಅವರು ಮಾತು ನಿಲ್ಲಿಸಿದರು. ಭೂತಗನ್ನಡಿ ಡಿಸ್ಕಿನ ಬೆನ್ನಿಗಂಟಿದ ಚೀಟಿಯ ಮೇಲೆ ನಿಂತಿತ್ತು. ಕಂಪನಿಯ ಹೆಸರಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ತಯಾರಾದ ತಿಂಗಳು ಮತ್ತು ವರ್ಷ.

"ನೀನು ಡಿಸ್ಕ್ ಹಾಕಿಸಿದ್ದು ಎರಡು ವರ್ಷದ ಹಿಂದೆ ಅಂದ್ಯಲ್ಲ?"

"ಹೌದು ಅತ್ತಿಗೆ."

"ಇದು ಹುಟ್ಟಿರೋದೇ ಈ ವರ್ಷ."

ನಾದಿನಿಯ ಕೈಯಿಂದ ಪತ್ರಿಕೆ ಜಾರಿತು.

"ಅಂದ್ರೆ... ಇದು ನನ್ನ ಡಿಸ್ಕೇ ಅಲ್ಲ?"

"ಅಲ್ಲ. ನಿನ್ನ ಎರಡು ಡಿಸ್ಕಲ್ಲಿ ಒಂದನ್ನ ತೊಳೆದು ಒಳಗೇ ಬಿಟ್ಟಿದಾರೆ. ಇನ್ನೊಂದನ್ನ ಎತ್ಕೊಂಡು ಹೋಗಿ, ಅದರ ಜಾಗಕ್ಕೆ ಈ ಹೆಣ ಮಲಗಿಸಿದಾರೆ. ಮಿರರ್ ಅಂದ್ಯಲ್ಲ? ಹಾಗಾದ್ರೆ ಆ ಒಂದು ಡಿಸ್ಕ್ ಯಾರ ಹತ್ರ ಇದೆಯೋ ಅವರ ಹತ್ರ ನಿನ್ನ ಒಂದೊಂದು ಫೋಟೋನೂ ಇದೆ." ಮೇಡಂ ಎದ್ದು ನಿಂತರು. "ಸುಡ್ಬೇಕು ಅನ್ನೋನು ಪೂರ್ತಿ ಸುಡ್ತಾನೆ. ಇವನ್ಯಾಕೆ ಅರ್ಧ ಸುಟ್ಟು ಅರ್ಧ ಜೋಪಾನ ಮಾಡ್ದ?"

ನಾದಿನಿಯ ಮನೆಗೆ ಯಾರು ಬಂದಿದ್ದರು ಎಂದು ಮೇಡಂ ಕೇಳಿದರು. ಸೇತುವೆ ಬಿದ್ದ ಮೇಲೆ ಒಂದು ವಾರ ತಾನು ನದಿ ದಡದಲ್ಲೂ ಪೊಲೀಸ್ ಠಾಣೆಯಲ್ಲೂ ಕಳೆದೆ ಎಂದಳು ನಾದಿನಿ. ಆಮೇಲೆ ಸಾಹೇಬರು ಇಬ್ಬರನ್ನು ಕರೆದುಕೊಂಡು ಬಂದು ಕಡತ ಒಯ್ದಿದ್ದರು. ಕಂಪ್ಯೂಟರಿನ ಕೋಣೆಯಲ್ಲೇ ಕೂತಿದ್ದರು.

"ನೀನು ಅಲ್ಲೇ ಇದ್ಯಾ?"

"ನೀರು ತರೋಕೆ ಒಳಗೆ ಹೋಗಿದ್ದೆ, ಅಷ್ಟೇ."

"ಒಂದು ಲೋಟ ನೀರು ತರೋದ್ರಲ್ಲಿ ಇಷ್ಟು ದೊಡ್ಡ ಡಿಸ್ಕನ್ನ ಸೊನ್ನೆ ಮಾಡೋಕಾಗಲ್ಲ. ಅದಕ್ಕೆ ಗಂಟೆಗಟ್ಟಲೆ ಬೇಕು. ಅಂದ್ರೆ ನೀನಿಲ್ಲದ ವಾರದಲ್ಲಿ ಕಂಪ್ಯೂಟರೇ ಮನೆಯಿಂದ ಹೊರಗೆ ಹೋಗಿ ಬಂದಿದೆ. ಬೀಗ?"

"ಒಡೆದಿರ್ಲಿಲ್ಲ. ಕೀ ಇರೋದೇ ಎರಡು. ಒಂದು ನನ್ನ ಬ್ಯಾಗಲ್ಲಿ, ಇನ್ನೊಂದು ಇಲ್ಲೇ, ನಿಮ್ಮ ಅಡುಗೆಮನೆ ಮೊಳೆಗೆ."

ಮೇಡಂ ಬಾಗಿ ನೋಡಿದರು. ಕೀ ಅಲ್ಲೇ ತೂಗುತ್ತಿತ್ತು. "ಅದು ಅಲ್ಲೇ ಇದೆ. ಸಾಹೇಬ್ರ ಕೈಗೆ ನಕಲಿ ಕೀ ಮಾಡಿಸೋದು ದೊಡ್ಡ ಮಾತಾ? ಜನ ಸತ್ತಿರೋ ಸೇತುವೇನೇ ಕಾಗದದಲ್ಲಿ ಗಟ್ಟಿ ಮಾಡೋರು!" ಸೆರಗು ಸಿಕ್ಕಿಸಿ, ನೆಗ್ಗಿದ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ನೀನು ಇಲ್ಲೇ ಇರು. ಈ ಹೊಸ ಡಿಸ್ಕುಗಳನ್ನ ಈಗ ಮಿರರ್ ಮಾಡಿ ಜೋಡಿಸಿಡು. ನಿನ್ನ ಫೋಟೋ ವಾಪಸ್ ಬಂದ್ಮೇಲೆ ಇಡೋಕೆ ಜಾಗ ಬೇಕಲ್ಲ?"

"ಬಿಸಿಲಿದೆ," ಎಂದರು ಯಜಮಾನರು. "ನಾನೂ ಬರ್ಲಾ?"

"ನೀವು ಬಂದ್ರೆ ನನ್ನ ಬಾಯಿಗೆ ಬ್ರೇಕ್ ಹಾಕ್ತೀರಿ. ಇವತ್ತು ಬ್ರೇಕ್ ಬೇಡ."

*

ರೀಸ್ಟಾರ್ಟ್‌ನ ಅಂಗಡಿ ಎರಡು ಬೀದಿಯಾಚೆ, ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಒಳಗೆ ಹೋಗುವವರು ತಲೆ ತಗ್ಗಿಸಲೇಬೇಕು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ವೈರಿನ ಸಿಂಬೆಗಳು, ನೆಲದಿಂದ ಸೊಂಟದವರೆಗೆ ಪೇರಿಸಿದ ಕಂಪ್ಯೂಟರ್ ಡಬ್ಬಗಳು, ಕಾಯಿಸಿದ ಸೀಸದ ವಾಸನೆ. ಯಾರು ಏನು ಕೆಟ್ಟಿದೆ ಎಂದು ತಂದರೂ ಮೊದಲು, "ರೀಸ್ಟಾರ್ಟ್ ಮಾಡಿ ನೋಡಿದ್ರಾ?" ಎಂದು ಕೇಳಿ ಕೇಳಿ ಅವನಿಗೆ ಅದೇ ಹೆಸರು ನಿಂತಿತ್ತು. ಸುಮಾರು ಐವತ್ತರ ಮನುಷ್ಯ. ಕನ್ನಡಕ ಯಾವಾಗಲೂ ಹಣೆಯ ಮೇಲೆ.

ಪ್ರಿಂಟರ್ ತಂದಿದ್ದ ಗಿರಾಕಿಯೊಬ್ಬ ಕೂತಿದ್ದ. ಮೇಡಂ ಮುಖ ನೋಡಿದವನೇ ಸಂಜೆ ಬರುತ್ತೇನೆಂದು ಎದ್ದುಹೋದ.

ಮೇಡಂ ಕರವಸ್ತ್ರ ಬಿಚ್ಚಿ ಡಿಸ್ಕನ್ನು ಅವನ ಮುಂದಿಟ್ಟರು.

"ಇದು ಎಲ್ಲಿಂದ ಬಿತ್ತು?"

ರೀಸ್ಟಾರ್ಟ್ ಕನ್ನಡಕ ಕಣ್ಣಿಗೆ ಇಳಿಸಿಕೊಂಡ. "ಬಿದ್ದಿಲ್ಲ ಮೇಡಂ. ಡಿಸ್ಕುಗಳು ಹಂಗೇ, ಒಂದೊಂದು ಸಲ ತಾವಾಗೇ..."

"ತಾವಾಗೇ ಕೂತಲ್ಲೇ ಮೂಲೆ ನೆಗ್ಗಿಸ್ಕೊಳ್ತಾವಾ? ಯಾರ ಕಿವಿ ಮೇಲೆ ಹೂ ಇಡ್ತೀರಿ? ಎರಡು ವರ್ಷದ ಹಿಂದೆ ಹಾಕಿದ್ದು ಅಂದ್ರಲ್ಲ, ಓದಿ ಚೀಟೀನ. ಗಟ್ಟಿಯಾಗಿ ಓದಿ!"

ಅವನು ಓದಲಿಲ್ಲ. ಓದುವ ಅಗತ್ಯವೂ ಅವನಿಗಿರಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

"ನೀವು ಸ್ಟ್ರೈಪ್ ಒತ್ತೇ ಇರ್ಲಿಲ್ಲ. ಮಿರರ್ರೇ ಮಾಡಿದ್ರಿ, ಸರಿಯಾಗೇ ಮಾಡಿದ್ರಿ. ಆಮೇಲೆ ಅದೇ ಕೈಯಲ್ಲಿ ಅದನ್ನ ಬಿಚ್ಚಿದ್ರಿ. ಒಂದನ್ನ ತೊಳೆದ್ರಿ, ಒಂದನ್ನ ಮಾಯ ಮಾಡಿದ್ರಿ, ಇದನ್ನ ನೆಲಕ್ಕೆ ಬೀಳಿಸಿ ಒಳಗೆ ಬಿಗಿದ್ರಿ."

"ಮೇಡಂ, ಮೆಲ್ಲಗೆ."

"ಯಾಕೆ ಮೆಲ್ಲಗೆ? ನದಿಗೆ ಬಿದ್ದೋರು ಮೆಲ್ಲಗೆ ಕೂಗಿದ್ರಾ? ಒಬ್ಬ ಹೆಂಗಸಿನ ಮರ್ಯಾದೆ ಬೀದಿಪಾಲಾಗ್ತಿದೆ, ನಾಳೆ ಅವಳನ್ನ ಕೊಲೆಗಾತಿ ಅಂತಾರೆ, ನೀವಿಲ್ಲಿ ಸೀಸ ಕಾಯಿಸ್ತಾ ಮೆಲ್ಲಗೆ ಅಂತೀರಲ್ಲ! ಸಾಹೇಬ್ರು ಏನು ಕೊಡ್ತೀನಿ ಅಂದ್ರು? ಕಚೇರಿ ಕಂಪ್ಯೂಟರ್‌ಗಳ ರಿಪೇರಿ ಎಲ್ಲ ನಿಮಗೇ ಅಂತಾನಾ? ಅಷ್ಟಕ್ಕೆ ಮಾರ್ಕೊಂಡ್ರಾ?"

ಆಗ ರೀಸ್ಟಾರ್ಟ್ ಎದ್ದು ನಿಂತ. ಅವನ ತಲೆ ಮೆಟ್ಟಿಲ ಅಡಿಗೆ ತಾಗಿತು, ಅದರ ಅರಿವೂ ಅವನಿಗಾಗಲಿಲ್ಲ.

"ಯಾರಿಗೂ ಮಾರ್ಕೊಂಡಿಲ್ಲ ನಾನು! ಇಷ್ಟು ವರ್ಷ ಈ ಮೆಟ್ಟಿಲ ಕೆಳಗೆ ಕೂತಿದೀನಿ, ಒಬ್ಬರ ಒಂದು ಫೋಟೋ ಕಳೆದಿಲ್ಲ. ಅಂಥವನು, ಕೈತಪ್ಪಿ ಒತ್ತಿದೆ ಅಂತ ನನ್ನ ಬಾಯಲ್ಲೇ ಹೇಳಿ, ನನ್ನ ಮುಖಕ್ಕೆ ನಾನೇ ಮಸಿ ಬಳ್ಕೊಂಡಿದೀನಿ. ನಿನ್ನೆಯಿಂದ ಜನ ನನ್ನ ಅಂಗಡಿಗೆ ಬಂದು ಕೊಟ್ಟ ಡಿಸ್ಕ್ ವಾಪಸ್ ಕೇಳ್ತಿದಾರೆ, ಗೊತ್ತಾ ನಿಮಗೆ? ಆ ಸಾಹೇಬ್ರ ಮುಖ ನಾನು ಟೀವಿ ಬಿಟ್ರೆ ಬೇರೆ ಎಲ್ಲೂ ನೋಡಿಲ್ಲ. ನೀವು ಬಂದು ಬಾಯಿಗೆ ಬಂದ ಹಾಗೆ..."

ಸುಳ್ಳು ಹಿಡಿದಾಗ ಜನರ ಮುಖದಲ್ಲಿ ಬರುವ ಸಿಟ್ಟನ್ನು ಮೇಡಂ ಸಾಕಷ್ಟು ನೋಡಿದ್ದರು. ಇದು ಅದಲ್ಲ. ಇದು ಅವರದೇ ಜಾತಿಯ ಸಿಟ್ಟು, ಅನ್ಯಾಯಕ್ಕೆ ಬರುವ ಸಿಟ್ಟು. ಅವರ ದನಿ ತಾನಾಗಿ ಇಳಿಯಿತು, ಈ ಸಲ ಸಿಟ್ಟಿಗಲ್ಲ.

"ಹಾಗಾದ್ರೆ ಯಾರಿಗೋಸ್ಕರ?"

"ಕೇಳ್ಬೇಡಿ."

"ಕೇಳೋಕೇ ಬಂದಿದೀನಿ. ಆ ಕಂಪ್ಯೂಟರನ್ನ ಇಲ್ಲಿಗೆ ಯಾರು ತಂದ್ರು?"

ರೀಸ್ಟಾರ್ಟ್ ಸ್ಟೂಲಿನ ಮೇಲೆ ಕುಸಿದು ಕೂತ. "ಬೆಡ್‌ಶೀಟಲ್ಲಿ ಸುತ್ಕೊಂಡು ಆಟೋದಲ್ಲಿ ತಂದ್ರು. ಒಂದು ಡಿಸ್ಕ್ ತೆಗೆದು ನನ್ನ ಕೈಗೆ ಕೊಡಿ, ಇನ್ನೊಂದನ್ನ ಯಾರೂ ಓದದ ಹಾಗೆ ಮಾಡಿ ಅಂದ್ರು. ನಾನು ಆಗಲ್ಲ ಅಂದೆ. ಕೈ ಮುಗಿದ್ರು ಮೇಡಂ. ಅಷ್ಟು ದೊಡ್ಡ ಮನುಷ್ಯರು, ಇಲ್ಲಿ, ಈ ವೈರುಗಳ ಮಧ್ಯೆ ನಿಂತು ಕಣ್ಣಲ್ಲಿ ನೀರು ಹಾಕಿದ್ರು. ಒಂದು ಜೀವದ ಪ್ರಶ್ನೆ ಅಂದ್ರು. ತೆಗೆದಿದ್ದರ ಜಾಗಕ್ಕೆ ಅಂಗಡೀಲಿದ್ದ ಈ ಹೊಸ ಡಿಸ್ಕ್ ಹಾಕ್ಬೇಕಿತ್ತು, ಸುತ್ತಿಗೆಯಿಂದ ಹೊಡೆದು ಸಾಯಿಸೋಕೆ ನನ್ನ ಕೈ ಬರ್ಲಿಲ್ಲ. ಎತ್ತಿ ನೆಲಕ್ಕೆ ಬಿಟ್ಟೆ."

"ಯಾರು?"

"ಮನೆಯವರನ್ನೇ ಕೇಳಿ."

"ನಮ್ಮ ಮನೆಯವರು ಅಂದ್ರೆ? ನಾದಿನಿ ಬಂದಿದ್ಲಾ? ಅವಳು ಆಗ ಠಾಣೇಲಿದ್ಲು."

ಅವನು ತಲೆಯಾಡಿಸಿದ. ಹೇಳಲು ಮನಸ್ಸಿಲ್ಲದ ಮಾತನ್ನು ಬಾಯಿಂದ ನೂಕುವಂತೆ ಹೇಳಿದ, "ಮನೆಯೋರು ಅಂತ ಸುಮ್ನೆ ಅಂದಿಲ್ಲ ಮೇಡಂ. ನಿಮ್ಮ ಮನೆಯವರು. ಕನ್ನಡಕದ ಅಂಗಡಿ ಯಜಮಾನ್ರು."

*

ಹೊರಗೆ ಬಿಸಿಲು ಹೊಡೆಯುತ್ತಿತ್ತು. ಮೇಡಂ ಮೆಟ್ಟಿಲ ಪಕ್ಕದ ನೆರಳಿನಲ್ಲಿ ನಿಂತರು. ಎದುರು ಅಂಗಡಿಯವನು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ. ಹತ್ತಿರ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ಬಾರಿಸಿ ಕೊನೆಗೆ ಅವರನ್ನು ಬಳಸಿಕೊಂಡು ಹೋದ.

ಅವರ ಮೈಯೆಲ್ಲ ಉರಿಯುತ್ತಿತ್ತು. ಆದರೆ ಈ ಸಲ ಉರಿಯನ್ನು ಯಾರ ಮೇಲೆ ಹಾಕುವುದೆಂದು ತಿಳಿಯುತ್ತಿರಲಿಲ್ಲ. ಬೆಳಗಿನಿಂದ ಚಹಾ ಕೊಟ್ಟ ಕೈ. ಭೂತಗನ್ನಡಿ ಕೊಟ್ಟ ಕೈ. ತಂಗಿ ಕಣ್ಣೀರಿಡುವಾಗ ತಲೆ ಸವರಿದ ಕೈ. ಎದುರಿಗೇ ನಿಂತು, ತಾನೇ ಹಾಕಿದ ಗಂಟನ್ನು ಹೆಂಡತಿ ಬಿಚ್ಚಲು ಒದ್ದಾಡುವುದನ್ನು ನೋಡುತ್ತಿದ್ದ ಮನುಷ್ಯ!

ಫೋನ್ ಮಾಡಿದರು. ಎರಡನೇ ರಿಂಗಿಗೇ ಎತ್ತಿದರು ಯಜಮಾನರು.

"ಡಿಸ್ಕ್ ಎಲ್ಲಿದೆ?" ಎಂದರು ಮೇಡಂ. ಬೇರೆ ಪೀಠಿಕೆ ಇಲ್ಲ.

ಆ ಕಡೆ ಕುರ್ಚಿ ಸರಿದ ಸದ್ದು. ಹೆಜ್ಜೆ. ಬಾಲ್ಕನಿಯ ಬಾಗಿಲು ಮುಚ್ಚಿಕೊಂಡ ಸದ್ದು.

"ಹೇಳ್ಬಿಟ್ನಾ ಅವನು?"

"ಎಲ್ಲಿದೆ ಅಂತ ಕೇಳ್ದೆ."

"ಅಂಗಡೀಲಿದೆ. ಲೆನ್ಸ್ ಇಡೋ ಬೀರುವಲ್ಲಿ. ಭದ್ರವಾಗಿದೆ."

"ನಾಚಿಕೆ ಆಗಲ್ವೇನ್ರೀ? ಸ್ವಂತ ತಂಗಿ! ಊರೆಲ್ಲ ಅವಳಿಗೆ ಉಗೀತಿದೆ. ನಾನು ಆ ಸಾಹೇಬನ್ನ ಹುಡುಕ್ಕೊಂಡು ಬೀದಿ ಬೀದಿ ಅಲೀತಿದೀನಿ. ಒಬ್ಬ ಬಡಪಾಯಿ ನಿಮಗೋಸ್ಕರ ತನ್ನ ಹೆಸರು ಹಾಳು ಮಾಡ್ಕೊಂಡು ಕೂತಿದಾನೆ. ನೀವು ಕಿಟಕಿ ಹತ್ರ ನಿಂತ್ಕೊಂಡು ಚಹಾ ಕುಡೀತೀರಿ! ಯಾರು ಮಾಡಿಸಿದ್ದು ನಿಮ್ಮ ಕೈಲಿ ಇದನ್ನ?"

"ಅವಳೇ."

ಮೇಡಂಗೆ ಅರ್ಥವಾಗಲಿಲ್ಲ. "ಯಾರು?"

"ತಂಗೀನೇ ಮಾಡಿಸಿದ್ದು. ಠಾಣೆಯಿಂದ ಫೋನ್ ಮಾಡಿ, ಮೊಳೇಲಿರೋ ಕೀ ತಗೊಂಡು ಹೋಗು ಅಂದ್ಲು. ಎರಡು ಡಿಸ್ಕೂ ಒಡೆದುಹಾಕಿಸು ಅಂದ್ಲು. ಯಾಕೆ ಅಂತ ಕೇಳ್ಲಿಲ್ಲ ನಾನು. ಒಂದನ್ನ ಹಾಳು ಮಾಡ್ಸಿದೆ, ಇನ್ನೊಂದಕ್ಕೆ ಮನಸ್ಸು ಬರ್ಲಿಲ್ಲ. ಮನೆಗೆ ತಂದು ನೋಡ್ದೆ." ಅವರ ಸಣ್ಣ ದನಿ ಇನ್ನೂ ಸಣ್ಣದಾಯಿತು. "ಬಿರುಕಿನ ಫೋಟೋ ಇದೆ, ಅವಳು ಹೇಳಿದ ಹಾಗೇನೇ. ಆದ್ರೆ ಕೊನೇದರಲ್ಲಿ ಆ ಬಿರುಕಿಗೆ ಸಿಮೆಂಟ್ ಮೆತ್ತಿ ಮೇಲೆ ಬಣ್ಣ ಹೊಡೀತಿದಾರೆ. ಪಕ್ಕದಲ್ಲಿ ನಿಂತು ಕೈ ತೋರಿಸಿ ಹೇಳಿ ಮಾಡಿಸ್ತಿರೋಳು ಇವಳೇ. ನೀರಿಗೆ ಬಿದ್ದೋರು ನೆನಪಾದ್ರು. ಡಿಸ್ಕ್ ಒಡೆಯೋಕಾಗ್ಲಿಲ್ಲ. ತಂಗಿ ಮುಖ ನೆನಪಾಯ್ತು. ಯಾರ ಕೈಗೂ ಕೊಡೋಕಾಗ್ಲಿಲ್ಲ."

"ಸುಳ್ಳು." ಮಾತು ಮೇಡಂ ಬಾಯಿಂದ ತಾನಾಗಿ ಬಂತು. "ಅವಳೇ ಮಾಡಿಸಿದ್ರೆ ಹುಡುಕಿಕೊಡಿ ಅಂತ ನನ್ನ ಕಾಲು ಯಾಕೆ ಹಿಡಿದ್ಲು? ನಾನು ಎಂಥವಳು ಅಂತ ಅವಳಿಗೆ ಗೊತ್ತಿಲ್ವಾ?"

"ಅದೇ ನಂಗೂ ಅರ್ಥ ಆಗ್ತಿಲ್ಲ. ಇಬ್ಬರೇ ಇದ್ದಾಗ, ಠಾಣೆಯಿಂದ ಫೋನ್ ಮಾಡಿದ್ಯಲ್ಲ ಅಂತಷ್ಟೇ ಕೇಳಿದ್ರೂ ಏನೂ ಗೊತ್ತಿಲ್ಲದೋರ ಥರ ನನ್ನ ಮುಖ ನೋಡ್ತಾಳೆ. ನಾನು ಆ ಫೋನೇ ಮಾಡಿಲ್ಲ ಅಂತಾಳೆ."

ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು.

"ಅಣ್ಣಾ, ಯಾರ ಫೋನು? ಅತ್ತಿಗೇದಾ? ಇಲ್ಲಿ ಕೊಡು."

ಫೋನ್ ಕೈ ಬದಲಾಯಿಸಿತು. ನಾದಿನಿಯ ಉಸಿರು ಓಡಿಬಂದವಳಂತೆ ಏರಿತ್ತು.

"ಅತ್ತಿಗೆ! ಬಾಯಿ ಬಿಟ್ನಾ ಅವನು? ಯಾರಂತೆ? ನನ್ನ ಡಿಸ್ಕ್ ಎಲ್ಲಿದೆಯಂತೆ? ಹೇಳಿ ಅತ್ತಿಗೆ, ಯಾರು ಮಾಡಿದ್ದು ಇದನ್ನ?"

ಬೂದಿ ಮೇಡಂ ಕಿವಿಗೆ ಫೋನ್ ಒತ್ತಿ ಹಿಡಿದರು. ಆ ದನಿಯಲ್ಲಿ ಎಷ್ಟು ಕೆದಕಿದರೂ ಸುಳ್ಳಿನ ಎಳೆ ಸಿಗಲಿಲ್ಲ.

ಅದಕ್ಕೆ ಮೊದಲು ಮಾತಾಡಿದ ಯಜಮಾನರ ದನಿಯಲ್ಲೂ ಸಿಕ್ಕಿರಲಿಲ್ಲ.